ಹರಳಯ್ಯನ ಆಟದ ಮರುದಿನ

“ಕೆಳಗ ಇಡ್ತೇನ್ರಿ ಅವ್ವಾರ… ಕೈಯಾಗ ತಗೋಬ್ಯಾಡ್ರಿ.”

ಶೇಖಮ್ಮ ಚಾಚಿದ ಕೈ ಹಿಂದೆಗೆಯಲಿಲ್ಲ. ಅಂಗಳದಾಚೆ ನಿಂತಿದ್ದ ಅಂಬ್ರಪ್ಪ ಊರಿನ ಬಯಲಾಟಕ್ಕೆಂದು ತಾನು ಹೊಲಿದ ಚಮ್ಮಾವುಗೆಗಳನ್ನು ಎದೆಗೊತ್ತಿ ಹಿಡಿದಿದ್ದ. ಕೆಂಭಾವಿ ಹತ್ತಿರದ ಆ ಹಳ್ಳಿಯಲ್ಲಿ ಅವನ ಕೇರಿಯವರು ಊರೊಳಗಿನ ಯಾರ ಹೊಸ್ತಿಲನ್ನೂ ತುಳಿಯುವಂತಿರಲಿಲ್ಲ.

“ಆಟದಾಗ ಇವನ್ನ ತಲಿ ಮ್ಯಾಲ ಇಟ್ಕೋತಾರ. ನಾ ಕೈಯಾಗ ಹಿಡದ್ರ ಏನಾತು?”

ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬೆಚ್ಚಿದರು…

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ಸುಗ್ಗಿ ಮುಗಿದ ಮೇಲೆ ಊರವರು ಶರಣ ಹರಳಯ್ಯನ ಬಯಲಾಟ ಆಡುವವರಿದ್ದರು. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ಮಗಳನ್ನು ಕೊಟ್ಟದ್ದಕ್ಕೆ, ರಾಜನು ಆ ಬೀಗರಿಬ್ಬರನ್ನೂ ಆನೆಕಾಲಿಗೆ ಕಟ್ಟಿಸಿ ಕೊಂದ ಕಥೆ. ಮಧುವರಸನ ಪಾತ್ರ ಶೇಖಮ್ಮನ ಅಪ್ಪ ಗುರಣ್ಣನದು.

ತಾಲೀಮು ನೋಡಲು ಅಂಬ್ರಪ್ಪ ದಿನವೂ ಬಣವೆಯ ಆಚೆ ನಿಲ್ಲುತ್ತಿದ್ದ. ನೀರು ತರುವ ನೆಪದಲ್ಲಿ ಶೇಖಮ್ಮ ಈಚೆ ನಿಲ್ಲುತ್ತಿದ್ದಳು. ಮಾತು ಬೆಳೆಯಿತು. ಆಟ ಮುಗಿದ ಬೆಳಗ್ಗೆ ಯಾದಗಿರಿಗೆ ನಡೆದು ರೈಲು ಹತ್ತುವುದೆಂದು ಇಬ್ಬರೂ ನಿಶ್ಚಯಿಸಿದರು.

ಆಟದಲ್ಲಿ ಮಧುವರಸನಾದ ಗುರಣ್ಣ, ಮಗಳ ಪಾತ್ರದವನ ಕೈಯನ್ನು ಹರಳಯ್ಯನ ಮಗನ ಕೈಯಲ್ಲಿಟ್ಟಾಗ ಊರಿಗೆ ಊರೇ ಅತ್ತಿತು.

ಬೆಳಗ್ಗೆ ಊರಾಚೆಯ ಹೊಲದ ಬದುವಿನಲ್ಲಿ ಅವರಿಬ್ಬರನ್ನು ಹಿಡಿದವನೂ ಅದೇ ಗುರಣ್ಣ. ಮುಖದ ಬಣ್ಣವನ್ನು ಇನ್ನೂ ತೊಳೆದಿರಲಿಲ್ಲ. ರಾತ್ರಿ ಅತ್ತವರೇ ಬಡಿಗೆ ಹಿಡಿದು ಬಂದಿದ್ದರು.

ಅಂಬ್ರಪ್ಪನನ್ನು ಚಾವಡಿಗೆ ಎಳೆದೊಯ್ದರು. ಎದುರು ಮನೆಯಲ್ಲಿ ಕೂಡಿಹಾಕಿದ್ದ ಶೇಖಮ್ಮ ಕದಕ್ಕೆ ಕಿವಿಗೊಟ್ಟಳು. ಗೌಡ ಭಗವಂತರಾಯ ಕೇಳಿದ್ದಕ್ಕೆ ಅಂಬ್ರಪ್ಪ ಹೇಳಿದ ಮಾತು ಸ್ಪಷ್ಟವಾಗಿ ಕೇಳಿಸಿತು.

“ಆಕಿ ಮ್ಯಾಲ ನನಗ ಮನಸಿಲ್ರಿ. ಯಾವತ್ತೂ ಇರಲಿಲ್ಲ.”

*ಇಷ್ಟೇನಾ…?* ಅವಳು ಕದದಿಂದ ಕಿವಿ ತೆಗೆದು ಒಳಕೋಣೆಗೆ ಹೋದಳು.

ಅವನ ಗುಡಿಸಲು ಕಿತ್ತು, ತಾಯಿಮಗನನ್ನು ಊರು ಬಿಡಿಸಿದರು. ವರ್ಷ ಕಳೆಯಿತು. ಕಕ್ಕೇರಾದ ಒಬ್ಬ ವಿಧುರನಿಗೆ ಅಪ್ಪ ಮಾತು ಕೊಟ್ಟಾಗ ಅವಳು ಬೇಡವೆನ್ನಲಿಲ್ಲ. ಬೇಡವೆನ್ನಲು ಅವಳಿಗೆ ಯಾರಿದ್ದರು?

ನಿಶ್ಚಯದ ಮುನ್ನಾದಿನ ಶೇಖಮ್ಮ ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಅಂಬ್ರಪ್ಪನ ತಾಯಿ ಮರಿಲಿಂಗಮ್ಮ ದೂರದಲ್ಲೇ ಬಂದು ನಿಂತಳು. ಯಾದಗಿರಿಯಿಂದ ನಡೆದೇ ಬಂದಿದ್ದಳು. ಮಗ ಅಲ್ಲಿ ಹಾಸಿಗೆ ಹಿಡಿದಿದ್ದಾನೆ, ಹಕೀಮರು ಕೈಬಿಟ್ಟಿದ್ದಾರೆ ಎಂದಳು.

“ಮನಸಿಲ್ಲಂದವನ ಸುದ್ದಿ ನನಗ್ಯಾಕ?”

“ಚಾವಡಿಗೆ ಎಳ್ಕೊಂಡು ಹೋಗೂವಾಗ, ಇಬ್ರಿಗೂ ಮನಸೈತಿ ಅಂದ್ರ ನಿಮ್ಮನ್ನೂ ಬಾವಿಗೆ ಹಾಕ್ತೇವಂದ್ರವ್ವ. ಅದಕ್ಕ ಹಂಗಂದ. ಆಮ್ಯಾಲ ಅವನ ಬೆರಳು ಒಂದೊಂದಾಗಿ ಮುರದ್ರು…”

ಶೇಖಮ್ಮ ಒದ್ದೆ ಬಟ್ಟೆಗಳನ್ನು ಬಂಡೆಯ ಮೇಲೆಯೇ ಬಿಟ್ಟು ಮುದುಕಿಯ ಹಿಂದೆ ನಡೆದಳು.

ಯಾದಗಿರಿಯ ಹೊರಗಿನ ಆ ಗುಡಿಸಲಲ್ಲಿ ಅವನ ಗುರುತೇ ಹತ್ತಲಿಲ್ಲ. ಉಳಿ ಹಿಡಿಯುತ್ತಿದ್ದ ಬೆರಳುಗಳು ಸೊಟ್ಟಗಾಗಿದ್ದವು. ಕೆಮ್ಮಿದರೆ ರಕ್ತ. ಅವಳು ಗಡಿಗೆಯತ್ತ ಕೈ ಚಾಚಿದಾಗ ಅವನು ತಲೆಯಾಡಿಸಿದ.

“ಇಲ್ಲಿ ನೀರು ಕುಡದ್ರ ಹೊಳ್ಳಿ ಊರಿಗೆ ಹೋಗಾಕ ಆಗೂದಿಲ್ರಿ. ನಾನಂತೂ… ಭಾಳ ದಿನ ಇರೂದಿಲ್ಲ.”

ಅವಳು ತಂಬಿಗೆಯಲ್ಲಿ ನೀರು ಮೊಗೆದು ಕುಡಿದಳು. ಉಳಿದ ನೀರನ್ನು ಅವನ ತುಟಿಗೆ ಹಿಡಿದಳು.

“ಕುಡದೆ. ಇನ್ನ ನನಗ ‘ರೀ’ ಅನಬ್ಯಾಡ.”

ಅವನು ಸೊಟ್ಟ ಬೆರಳುಗಳನ್ನು ಅವಳ ಕೈಯ ಮೇಲಿಟ್ಟ.

“ಶೇಖಾ…”

“ಹೂಂ. ಇಲ್ಲೇ ಅದೀನಿ.”