ಜಿಗಣೆಯ ರಿಂಗು

"ಹೀರ್ತಾನೇ ಇಲ್ವಲ್ಲ ಇದು!" ಅಪ್ಪ ಮೆಷಿನ್ನಿನ ತಲೆ ಮೇಲೆ ಒಂದು ಏಟು ಕೊಟ್ಟ.

ಮೆಷಿನ್ನು ಗೊರ್ ಗೊರ್ ಎಂದಿತು, ಅಷ್ಟೇ. ಅದರ ಗಾಜಿನ ಹೊಟ್ಟೆಗೆ ಒಂದು ತೊಟ್ಟು ಎಣ್ಣೆಯೂ ಬರಲಿಲ್ಲ.

ಪಿನ್ನಿ ಗ್ಯಾರೇಜಿನ ಮೂಲೆಯಲ್ಲಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ಮಾಡುತ್ತಿದ್ದಳು ಅನ್ನುವುದಕ್ಕಿಂತ, ಮಾಡುವವಳ ಹಾಗೆ ಕಾಣುತ್ತಿದ್ದಳು ಅನ್ನಬೇಕು. ತೊಡೆಯ ಮೇಲಿದ್ದ ಕಂಪಾಸ್ ಬಾಕ್ಸನ್ನು ಎಡಗೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು ಅವಳ ಪಾಡು.

"ಸಂಜೆ ಕ್ಲಿನಿಕ್ಕಿಗೆ ಹೋಗ್ಬೇಕಿತ್ತು. ಆಗುತ್ತಾ?" ಅಂತ ಹಲ್ಲಿನ ಡಾಕ್ಟರಮ್ಮ ಕೇಳಿದರು. ಎಂಜಿನ್ ಎಣ್ಣೆ ಬದಲಾಯಿಸಲು ಬಂದಿದ್ದ ನೀಲಿ ಕಾರು ಅವರದೇ.

"ಆಗುತ್ತೆ ಮೇಡಂ, ಆಗುತ್ತೆ," ಎಂದು ಅಪ್ಪ ಪೈಪು ಬಿಚ್ಚಿ, ಅದರೊಳಗೆ ಉಫ್ ಎಂದು ಊದಿ ನೋಡಿದ. ಕಸ ಏನೂ ಕಟ್ಟಿಕೊಂಡಿರಲಿಲ್ಲ. ಮತ್ತೆ ಜೋಡಿಸಿದ. ಮತ್ತೆ ಗೊರ್ ಗೊರ್.

"ಜಿಗಣೆಗೆ ಇವತ್ತು ಹಸಿವಿಲ್ಲ ಅಂತ ಕಾಣುತ್ತೆ," ಅಂದ ಅಜ್ಜ, ಮೀಸೆಯ ಕೆಳಗೇ ನಗುತ್ತಾ.

ಜಿಗಣೆ ಅನ್ನುವ ಹೆಸರು ಇಟ್ಟವನು ಅಜ್ಜನೇ. ಎಣ್ಣೆ ಎಷ್ಟಿದೆ ಅಂತ ಅಳೆದು ನೋಡುವ ಕಡ್ಡಿ ಇರುತ್ತದಲ್ಲ, ಅದರ ತೂತಿಗೆ ಸಣ್ಣ ಪೈಪು ಇಳಿಸಿ ಸ್ವಿಚ್ ಒತ್ತಿದರೆ ಸಾಕು. ಎಂಜಿನ್ನಿನ ಹಳೆ ಎಣ್ಣೆಯನ್ನೆಲ್ಲ ಮೆಷಿನ್ನು ಹೀರಿಕೊಂಡುಬಿಡುತ್ತದೆ. ಕಾರಿನ ಕೆಳಗೆ ಯಾರೂ ನುಗ್ಗಬೇಕಿಲ್ಲ. ಪಿನ್ನಿಗೂ ಹೆಸರಿಟ್ಟವನು ಅಜ್ಜನೇ ಅನ್ನಿ. ಗುಂಡುಪಿನ್ನಿನಷ್ಟು ತೆಳ್ಳಗೆ, ಯಾವ ಸಂದಿಗೆ ನಟ್ಟು ಬಿದ್ದರೂ ಕೈ ಹಾಕಿ ತೆಗೆಯುತ್ತಾಳೆ ಅಂತ.

ಜಿಗಣೆ ಬರುವ ಮುಂಚೆ ಈ ಕೆಲಸ ಅಜ್ಜನದಾಗಿತ್ತು. ಕಾರಿಗೆ ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ನೆಲಕ್ಕೆ ರಟ್ಟು ಹಾಸಿ ಅಜ್ಜ ಅಂಗಾತ ಮಲಗಿ ಕೆಳಗೆ ಸರಿಯುತ್ತಿದ್ದ. ಬೋಲ್ಟ್ ಬಿಚ್ಚಿದರೆ ಎಣ್ಣೆ ಮೊದಲು ಹಗ್ಗದ ಹಾಗೆ ಇಳಿಯುತ್ತದೆ, ಆಮೇಲೆ ದಾರದ ಹಾಗೆ, ಕೊನೆಗೆ ತೊಟ್ ತೊಟ್. "ಕೊನೇ ತೊಟ್ಟಲ್ಲೇ ಕೊಳೆ ಇರೋದು" ಅಂತ ಅಜ್ಜ ಅದು ಬೀಳುವವರೆಗೂ ಏಳುತ್ತಿರಲಿಲ್ಲ. ಆ ಹೊತ್ತೆಲ್ಲ ಕತೆ. ಅಜ್ಜ ಕಾರಿನ ಕೆಳಗೆ, ಪಿನ್ನಿ ಬಕೆಟ್ಟಿನ ಮೇಲೆ. ಅಜ್ಜನ ಮುಖ ಕಾಣುತ್ತಿರಲಿಲ್ಲ, ಬರೀ ಚಪ್ಪಲಿ ಕಾಣುತ್ತಿತ್ತು. ಕತೆಯಲ್ಲಿ ಓಡುವವರು ಬಂದರೆ ಆ ಚಪ್ಪಲಿಗಳೂ ಕುಣಿಯುತ್ತಿದ್ದವು.

ಒಂದೇ ಒಂದು ರೂಲ್ಸು. ಎಣ್ಣೆ ನಿಂತರೆ ಕತೆಯೂ ನಿಲ್ಲಬೇಕು. ಮಿಕ್ಕಿದ್ದು ಮುಂದಿನ ಕಾರಿಗೆ.

ಕೊನೆಯ ಕತೆಯಲ್ಲಿ ಇರುವೆಯೊಂದು ಆನೆಗೆ ಈಜು ಕಲಿಸುತ್ತಿತ್ತು. ಆನೆ ಹೆದರಿ ಹೆದರಿ ಒಂದು ಕಾಲು ನೀರಿಗಿಟ್ಟಿತು. ಅಷ್ಟರಲ್ಲಿ ಕೊನೆಯ ತೊಟ್ಟು ಬಿತ್ತು. ಮಾರನೆಯ ದಿನವೇ ಜಿಗಣೆ ಬಂತು.

"ಈಗಿನ ಗಿರಾಕಿಗಳಿಗೆ ಎಲ್ಲಾ ಅರ್ಜೆಂಟು ಅಪ್ಪ. ಇದಾದ್ರೆ ಬೇಗ ಆಗುತ್ತೆ," ಅಂತ ಅಪ್ಪ ಅಜ್ಜನಿಗೆ ಹೇಳಿದ್ದನ್ನು ಪಿನ್ನಿಯೇ ಕೇಳಿಸಿಕೊಂಡಿದ್ದಳು. ಬೇಗ ಅಂದರೆ ಎಷ್ಟು ಬೇಗ! ಅಜ್ಜ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಜಿಗಣೆ ಎಲ್ಲವನ್ನೂ ಗುಳುಂ ಮಾಡಿಬಿಡುತ್ತಿತ್ತು. ಆನೆ ಪಾಪ, ಅಂದಿನಿಂದ ಹಾಗೇ ನಿಂತಿತ್ತು.

ಪೈಪು ಜಿಗಣೆಗೆ ಸೇರುವ ಮೂತಿಯ ಒಳಗಡೆ ಒಂದು ಕಪ್ಪು ರಬ್ಬರ್ ರಿಂಗಿದೆ. ಬೆರಳಿಗೆ ಹಾಕುವ ಉಂಗುರದಷ್ಟೇ. ಮೆಷಿನ್ ತಂದ ಅಂಗಡಿಯವನು "ಇದಿಲ್ದೇ ಇದ್ರೆ ಗಾಳಿ ನುಗ್ಗುತ್ತೆ ಪುಟ್ಟಿ, ಹೀರೋಕೇ ಆಗಲ್ಲ" ಅಂತ ಪಿನ್ನಿಗೆ ತೋರಿಸಿದ್ದ. ಆಗ ಅಪ್ಪ ಫೋನಿನಲ್ಲಿದ್ದ. ಅಜ್ಜ ಆ ಕಡೆ ತಿರುಗಿ, ಕೇಳಿಸಿಯೇ ಇಲ್ಲ ಅನ್ನುವ ಹಾಗೆ ನಿಂತಿದ್ದ.

ಇವತ್ತು ಬೆಳಗ್ಗೆ ಆ ರಿಂಗು ಪಿನ್ನಿಯ ಕಂಪಾಸ್ ಬಾಕ್ಸ್ ಸೇರಿತ್ತು.

ಲೆಕ್ಕ ತಪ್ಪಾಯಿತು ಅಂತ ಅವಳು ಅಳಿಸುವ ರಬ್ಬರಿಗಾಗಿ ಬಾಕ್ಸ್ ತೆರೆದಳು. ಅದೇ ಹೊತ್ತಿಗೆ ಅಜ್ಜ ಅವಳ ಹಿಂದಿನ ಮೊಳೆಯಿಂದ ಒರೆಸುವ ಬಟ್ಟೆ ತೆಗೆದುಕೊಳ್ಳಲು ಬಂದ. ಟಪ್ ಎಂದು ಮುಚ್ಚಿದಳು. ಅಜ್ಜ ಕೈ ಒರೆಸಿಕೊಂಡ.

"ಬಿಡೋ, ಅದಕ್ಕೆ ಯಾಕೆ ಹೊಡೀತೀಯ?" ಅಂತ ಅಪ್ಪನಿಗೆ ಹೇಳಿದ. "ಆ ರಟ್ಟು ತಾ ಇಲ್ಲಿ."

"ಬೇಡ ಅಪ್ಪ. ನಾನೇ ಮಾಡ್ತೀನಿ."

"ನೀನು ಆ ಇನ್ನೊಂದು ಕಾರಿನ ಬ್ರೇಕಿನ ಕೆಲಸ ಮುಗಿಸು. ಇದೇನು ನನಗೆ ಹೊಸದಾ?"

ಅಜ್ಜ ನೀಲಿ ಕಾರಿನ ಕೆಳಗೆ ಸರಿದ. ಪಿನ್ನಿ ಬಕೆಟ್ಟನ್ನು ಹತ್ತಿರ ಎಳೆದುಕೊಂಡಳು. ಎಣ್ಣೆ ಹಗ್ಗದ ಹಾಗೆ ತಟ್ಟೆಗೆ ಇಳಿಯತೊಡಗಿತು. ಅವಳಿಗೆ ಎಷ್ಟು ಸಂತೋಷವಾಯಿತು ಅಂದರೆ, ಕದ್ದಿದ್ದೇ ಮರೆತುಹೋಯಿತು.

"ಆನೆ ಎಲ್ಲಿತ್ತು ಹೇಳು?" ಕೆಳಗಿನಿಂದ ಅಜ್ಜನ ದನಿ.

"ಒಂದು ಕಾಲು ನೀರಲ್ಲಿ!"

"ಹಾಂ. ಆಗ ಇರುವೆ ಹೇಳ್ತು, ಏನ್ರೀ ಆನೆಯವರೇ, ಇಷ್ಟು ದೊಡ್ಡ ಕಾಲು ಇಟ್ಕೊಂಡು ಇಷ್ಟು ಚಿಕ್ಕ ಧೈರ್ಯನಾ? ಆನೆಗೆ ನಾಚಿಕೆ ಆಯ್ತು. ಎರಡನೇ ಕಾಲು ಎತ್ತಿತು. ಎತ್ತಿ..."

"ಎತ್ತಿ?"

ಚಪ್ಪಲಿಗಳು ಅಲ್ಲಾಡಲಿಲ್ಲ.

"ಅಜ್ಜ, ಎತ್ತಿ?"

"ಪಿನ್ನಿ," ಅಜ್ಜನ ದನಿ ಸಣ್ಣಗಾಗಿತ್ತು. "ನಿಮ್ಮಪ್ಪನ್ನ ಕರಿ."

ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್ ಎಸೆದು ಓಡಿಬಂದ. ಅಜ್ಜನಿಗೆ ಆ ಕಡೆ ಹೊರಳಲೂ ಆಗುತ್ತಿರಲಿಲ್ಲ, ಈ ಕಡೆ ಹೊರಳಲೂ ಆಗುತ್ತಿರಲಿಲ್ಲ. "ನಾನು ಹಲ್ಲಿನವಳು, ಬೆನ್ನು ನನ್ನ ಇಲಾಖೆ ಅಲ್ಲ," ಅನ್ನುತ್ತಲೇ ಡಾಕ್ಟರಮ್ಮ ನೆಲಕ್ಕೆ ಮಂಡಿಯೂರಿದರು. "ಆದ್ರೂ ಕೈ ಹಿಡಿದು ಎಳೀಬೇಡಿ. ರಟ್ಟಿನ ಸಮೇತ ಮೆಲ್ಲಗೆ ಎಳೀರಿ."

ರಟ್ಟಿನ ಮೇಲೆ ಅಜ್ಜ ಹೊರಗೆ ಬಂದ. ಹಲ್ಲು ಕಚ್ಚಿಕೊಂಡಿದ್ದ. ಪಿನ್ನಿಯನ್ನು ಕಂಡು ನಗಲು ನೋಡಿದ, ಆದರೆ ನಗು ಅರ್ಧಕ್ಕೇ ನಿಂತಿತು. ಅವಳು ಕಂಪಾಸ್ ಬಾಕ್ಸನ್ನು ಬೆನ್ನ ಹಿಂದೆ ಸರಿಸಿದಳು.

ಗ್ಯಾರೇಜಿನ ಹಿಂದೆಯೇ ಮನೆ. ಡಾಕ್ಟರಮ್ಮನ ಕಾರಿನ ಕೆಲಸ ಅಪ್ಪನೇ ಮುಗಿಸಿ ಕಳಿಸಿದ. ಸಂಜೆ ಅಜ್ಜ ಗುಳಿಗೆ ನುಂಗಿ ನಿದ್ದೆ ಹೋಗಿದ್ದ. ಅಡುಗೆಮನೆಯಲ್ಲಿ ಅಪ್ಪ ಅಮ್ಮ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ನಾಳೆನೇ ಆ ಮೆಷಿನ್ನ ವಾಪಸ್ ಕೊಡ್ತೀನಿ," ಅಂದ ಅಪ್ಪ. "ಅಪ್ಪನ ಬೆನ್ನು ಉಳೀಲಿ ಅಂತ ತಂದಿದ್ದು. ಅದೇ ಕೈ ಕೊಡ್ತು."

"ಮಾವನಿಗೆ ಹಾಗಂತಾನೇ ಹೇಳ್ಬಹುದಿತ್ತಲ್ಲ? ಗಿರಾಕಿಗಳಿಗೆ ಅರ್ಜೆಂಟು ಅಂತ ಯಾಕೆ ಹೇಳಿದ್ರಿ?"

"ನಿಮಗೆ ವಯಸ್ಸಾಯ್ತು, ಕೆಲಸ ಬಿಡಿ ಅಂದ ಹಾಗಾಗಲ್ವಾ? ನನಗೆ ಕೆಲಸ ಕಲಿಸಿದೋರು ಅವರು. ಆ ಮಾತು ನನ್ನ ಬಾಯಿಂದ ಬರಲ್ಲ."

ಬಾಗಿಲ ಹಿಂದಿದ್ದ ಪಿನ್ನಿಗೆ ಅವತ್ತು ಊಟ ಸೇರಲಿಲ್ಲ. ಅಮ್ಮ ಹಣೆ ಮುಟ್ಟಿ ನೋಡಿ, "ಜ್ವರ ಏನಿಲ್ವಲ್ಲ ಕಂದ" ಅಂದಳು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಪಿನ್ನಿ ಕಂಪಾಸ್ ಬಾಕ್ಸ್ ಹಿಡಿದು ಗ್ಯಾರೇಜಿಗೆ ಬಂದಳು. ಬೆಕ್ಕಿನ ಹೆಜ್ಜೆ ಇಟ್ಟು ಜಿಗಣೆಯ ಮುಂದೆ ಕೂತಳು. ಪೈಪು ಬಿಚ್ಚಿದಳು. ರಿಂಗು ತೆಗೆದಳು. ಯಾರಿಗೂ ಗೊತ್ತಾಗದ ಹಾಗೆ ಇದ್ದಲ್ಲೇ ಇಟ್ಟುಬಿಟ್ಟರೆ ಮುಗಿಯಿತು.

"ಹಾಗೇ ಹಾಕ್ಬೇಡ."

ಬೆಚ್ಚಿಬಿದ್ದಳು. ಅಜ್ಜನ ಕೋಣೆಯ ಕಿಟಕಿ ಗ್ಯಾರೇಜಿಗೇ ತೆರೆಯುತ್ತದೆ. ಮಂಚದಲ್ಲಿ ದಿಂಬಿಗೆ ಒರಗಿ ಅಜ್ಜ ನೋಡುತ್ತಿದ್ದ.

"ಕಂಪಾಸ್ ಬಾಕ್ಸಲ್ಲಿ ಇತ್ತಲ್ಲ, ಪೆನ್ಸಿಲ್ ಪುಡಿ ಅಂಟಿರುತ್ತೆ. ಒರೆಸು ಮೊದಲು. ಆಮೇಲೆ ಒಂದು ತೊಟ್ಟು ಎಣ್ಣೆ ಸವರಿ ಕೂರಿಸು."

ಪಿನ್ನಿಯ ಕೈ ನಿಂತಿತು. ನಿನ್ನೆ ಅಜ್ಜ ಬಟ್ಟೆ ತೆಗೆದುಕೊಳ್ಳಲು ಬಂದಿದ್ದು ನೆನಪಾಯಿತು.

"ಅಜ್ಜ, ನಿಂಗೆ ನಿನ್ನೆನೇ ಗೊತ್ತಿತ್ತಾ?"

"ಹೂಂ."

"ಮತ್ತೆ ಯಾಕೆ ಕೆಳಗೆ ಹೋದೆ?"

ಅಜ್ಜ ಮೀಸೆ ತೀಡಿಕೊಂಡ. "ನಿಮ್ಮಪ್ಪ ಸಿಟ್ಟಲ್ಲಿದ್ದ. ಡಾಕ್ಟರಮ್ಮ ಬೇರೆ ನಿಂತಿದ್ರು. ಅಷ್ಟು ಜನರ ಮುಂದೆ ನನ್ನ ಪಿನ್ನಿ ತಲೆ ತಗ್ಗಿಸ್ಬೇಕಾ?" ಆಮೇಲೆ ದನಿ ತಗ್ಗಿಸಿ, "ನಂಗೂ ಆ ಆನೆದೇ ಚಿಂತೆ ಆಗಿತ್ತು ಕಣೇ," ಅಂದ.

ಪಿನ್ನಿಗೆ ಅಳು ಬಂತು. ರಿಂಗು ಒರೆಸಿ, ಎಣ್ಣೆ ಸವರಿ ಕೂರಿಸಿದಳು, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು. ಮುಖವೆಲ್ಲ ಮಸಿಯಾಯಿತು.

ಅಪ್ಪ ಜಿಗಣೆಯನ್ನು ತುಂಬಲು ಖಾಲಿ ಪೆಟ್ಟಿಗೆ ಹೊತ್ತು ಬಂದ. ಅವನು ಅದನ್ನು ಕೆಳಗಿಡುವ ಮೊದಲೇ ಪಿನ್ನಿ ಎದ್ದು ನಿಂತಳು.

"ಅಪ್ಪ, ಮೆಷಿನ್ ಕೆಟ್ಟಿಲ್ಲ. ರಿಂಗ್ ನಾನೇ ತೆಗೆದಿದ್ದೆ."

ಅಪ್ಪನ ಮುಖ ಕೆಂಪಾಯಿತು. ಬಾಯಿ ತೆರೆದ. ಕಿಟಕಿಯಲ್ಲಿದ್ದ ಅಜ್ಜನತ್ತ ನೋಡಿದ. ಆಮೇಲೆ, "ಯಾಕೆ?" ಅಂತಷ್ಟೇ ಕೇಳಿದ.

"ಆನೆ ನೀರಲ್ಲೇ ನಿಂತಿತ್ತು. ಜಿಗಣೆ ಬಂದ್ಮೇಲೆ ಕತೆನೇ ಇಲ್ಲ."

"ಯಾವ ಆನೆ? ಇರುವೆ ಈಜು ಕಲಿಸುತ್ತಲ್ಲ, ಅದಾ?" ಅಪ್ಪ ಕಣ್ಣರಳಿಸಿದ. "ಇನ್ನೂ ದಾಟಿಲ್ವಾ ಅದು? ನಾನು ಐದನೇ ಕ್ಲಾಸಲ್ಲಿದ್ದಾಗ್ಲೇ ನೀರಿಗೆ ಇಳಿದಿತ್ತು!"

"ಅದು ಬೇರೆ ಆನೆ," ಅಂದ ಅಜ್ಜ ಕಿಟಕಿಯಿಂದ, ಠೀವಿಯಾಗಿ.

ಅಪ್ಪ ಪೆಟ್ಟಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಎಣ್ಣೆ ಬದಲಾಯಿಸಲು ಬಿಟ್ಟುಹೋಗಿದ್ದ ಬಿಳಿ ವ್ಯಾನೊಂದು ಹೊರಗಿತ್ತು. ಅದನ್ನು ಒಳಗೆ ತಂದು, ಅಜ್ಜನ ಕಿಟಕಿಗೆ ಆದಷ್ಟು ಹತ್ತಿರ ನಿಲ್ಲಿಸಿದ. ಬಾನೆಟ್ ಎತ್ತಿದ. ಪೈಪನ್ನು ಪಿನ್ನಿಯೇ ಇಳಿಸಿದಳು. ಸ್ವಿಚ್ ಒತ್ತಿದೊಡನೆ ಕಪ್ಪು ಎಣ್ಣೆ ಪೈಪಿನಲ್ಲಿ ಸರಸರ ಏರಿ ಜಿಗಣೆಯ ಹೊಟ್ಟೆಗೆ ಬಿತ್ತು.

"ಎಷ್ಟು ಬೇಗ ಹೀರುತ್ತೆ ನೋಡು," ಅಂದ ಅಜ್ಜ. "ಇದನ್ನ ನಿಮ್ಮಪ್ಪ ಯಾಕೆ ತಂದ, ಗೊತ್ತಾ ನಿಂಗೆ?"

ಬಾನೆಟ್ಟಿನ ಕೆಳಗೆ ಅಪ್ಪನ ಬೆನ್ನು ಅಲ್ಲಾಡದೆ ನಿಂತಿತು. ಪಿನ್ನಿ ಆ ಬೆನ್ನನ್ನು ನೋಡಿದಳು, ಅಜ್ಜನನ್ನು ನೋಡಿದಳು.

"ಗಿರಾಕಿಗಳಿಗೆ ಅರ್ಜೆಂಟಲ್ವಾ ಅಜ್ಜ, ಅದಕ್ಕೇ."

"ಹೌದೌದು," ಅಂದ ಅಜ್ಜ, ಸೊಂಟದ ಹಿಂದಿನ ಬಿಸಿನೀರಿನ ಚೀಲ ಸರಿಮಾಡಿಕೊಳ್ಳುತ್ತಾ. "ಅವರಿಗೆ ಯಾವಾಗ್ಲೂ ಅರ್ಜೆಂಟೇ." ಅವನು ನಗುತ್ತಿದ್ದ. ಅಪ್ಪನ ಬೆನ್ನನ್ನೇ ನೋಡುತ್ತಾ ನಗುತ್ತಿದ್ದ. ಅಜ್ಜನಿಗೆ ಇದೂ ಗೊತ್ತಿದೆ ಅಂತ ಪಿನ್ನಿಗೆ ಹೊಳೆಯಿತು.

ಜಿಗಣೆ ಗೊಳಕ್ ಎಂದು ನಿಂತಿತು. ರೂಲ್ಸು ರೂಲ್ಸೇ. ಪಿನ್ನಿ ಕಂಪಾಸ್ ಬಾಕ್ಸ್ ಎತ್ತಿಕೊಂಡು ಮನೆಯ ಕಡೆ ಹೊರಟಳು.

"ಎಲ್ಲಿಗೆ?" ಅಂದ ಅಜ್ಜ.

"ಎಣ್ಣೆ ನಿಂತೋಯ್ತಲ್ಲ."

"ಹಳೇದು ನಿಂತಿತು. ಹೊಸದು ಹಾಕೋದು ಬೇಡ್ವಾ?" ಅಜ್ಜ ಗಂಟಲು ಸರಿಮಾಡಿಕೊಂಡ. "ಹಾಂ, ಆನೆ ಎರಡನೇ ಕಾಲು ಎತ್ತಿತ್ತಲ್ಲ..."

ಅಪ್ಪ ಹೊಸ ಎಣ್ಣೆಯ ಡಬ್ಬ ತೆರೆದು, ಬಗ್ಗಿಸಿ, ದಾರದ ಹಾಗೆ ಸುರಿಯತೊಡಗಿದ. ಅಪ್ಪ ಅಷ್ಟು ನಿಧಾನವಾಗಿ ಎಣ್ಣೆ ಸುರಿದಿದ್ದನ್ನು ಪಿನ್ನಿ ಯಾವತ್ತೂ ನೋಡಿರಲಿಲ್ಲ.