ಮೊಣಕಾಲಿನ ನೆಪ

ಇರಣ್ಣನ ಮೊಣಕಾಲು ನೋವು ಬರೀ ನಾಟಕ ಎಂಬುದರಲ್ಲಿ ಉದಯಶಂಕರನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಮೆರಿಕದ ಟೆಕ್ಸಸ್ ರಾಜ್ಯದ ಕಾಪೆಲ್‌ನಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಯಾರ ಮನೆಯಲ್ಲಿ ಪೂಜೆಯಾದರೂ ಇರಣ್ಣ ಒಳ್ಳೆಯ ಸೋಫಾ ಹಿಡಿದು, ಕಾಲು ಚಾಚಿ, ‘ಎಲುಬಿಗೆ ಎಲುಬು ತಿಕ್ಕಾಡ್ತಾವ್ರಿ’ ಎಂದು ನರಳಿದರೆ ಸಾಕು, ಊಟದ ತಟ್ಟೆ ಅವನಿದ್ದಲ್ಲಿಗೇ ಬರುತ್ತಿತ್ತು. ತಂದುಕೊಡುತ್ತಿದ್ದವಳು ಉದಯಶಂಕರನ ಒಬ್ಬಳೇ ಮಗಳು ಸಿಯಾ.

ಅದನ್ನೂ ಸಹಿಸಬಹುದಿತ್ತು. ಆದರೆ ಆಸ್ಟಿನ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದ ಹುಡುಗಿ ಅದನ್ನು ಬಿಟ್ಟು ಫಿಸಿಯೋಥೆರಪಿಯ ಹಾದಿ ಹಿಡಿದಳು. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ‘ಇರಣ್ಣ ಅಂಕಲ್ ಅಂಡರ್‌ಸ್ಟ್ಯಾಂಡ್ಸ್ ಮಿ’ ಎಂದಷ್ಟೇ ಹೇಳಿ ಫೋನಿಟ್ಟಳು. ಮಗಳನ್ನು ಕಸಿದುಕೊಂಡವನನ್ನು ಈ ದೇಶವನ್ನೇ ಬಿಡಿಸಬೇಕೆಂದು ಉದಯಶಂಕರ ಅಂದೇ ತೀರ್ಮಾನಿಸಿದ.

ದಾರಿಯನ್ನು ಇರಣ್ಣನೇ ತೋರಿಸಿಕೊಟ್ಟ. ೨೦೧೬ರ ಯುಗಾದಿ ಊಟದಲ್ಲಿ ಪಕ್ಕಕ್ಕೆ ಬಾಗಿ, ‘ಆಪರೇಷನ್ ಅಂದ್ರ ಅಂಜಿಕಿ ನನಗ. ಕೊಲರಾಡೋದಾಗ ಗಾಂಜಾ ಎಣ್ಣಿ ಅಂಗಡ್ಯಾಗ ಸಿಗತೈತ್ರಿ. ನಾಲಿಗಿ ಕೆಳಗ ಎರಡ ಹನಿ ಹಾಕ್ಕೊಂಡ್ರ ಛಲೋ ನಿದ್ದಿ ಬರತೈತಿ. ಯಾರ ಮುಂದೂ ಅನಬ್ಯಾಡ್ರಿ’ ಎಂದ.

‘ಛೇ, ನಾನ್ಯಾಕ್ ಹೇಳ್ಲಿ. ಮುಂದಿನ ಸಲ ತರೋಕೆ ಹೋಗೋವಾಗ ತಿಳಿಸಿ. ಯಾವ ರೋಡ್ ಒಳ್ಳೇದು ಅಂತ ನೋಡ್ಕೊಡ್ತೀನಿ.’

ಕೊಲರಾಡೋದಲ್ಲಿ ರಾಜಾರೋಷವಾಗಿ ಮಾರುವ ಸರಕು ಟೆಕ್ಸಸ್ ಗಡಿ ದಾಟಿದೊಡನೆ ಅಪರಾಧ. ಸೊಪ್ಪಿಗಿಂತ ಎಣ್ಣೆಯ ಮೇಲೆ ಇಲ್ಲಿನ ಕಾನೂನಿಗೆ ಹೆಚ್ಚು ಸಿಟ್ಟು. ಔಷಧಿಯೋ ಚಟವೋ ಎಂದು ಅದು ಕೇಳುವುದಿಲ್ಲ. ಮೇಲಾಗಿ ಇರಣ್ಣ ಇನ್ನೂ ಭಾರತದ ಪಾಸ್‌ಪೋರ್ಟ್ ಬಿಟ್ಟಿರಲಿಲ್ಲ. ಶಿಕ್ಷೆಯಾದರೆ ಗ್ರೀನ್ ಕಾರ್ಡಿಗೂ ಕುತ್ತು, ದೇಶ ಬಿಡಬೇಕಾದೀತು. ಕೈ ಎತ್ತಬೇಕಿಲ್ಲ, ವಿಷ ಹಾಕಬೇಕಿಲ್ಲ. ಒಂದು ಫೋನ್ ಕರೆ ಸಾಕು.

ಅಕ್ಟೋಬರಿನಲ್ಲಿ ಎಣ್ಣೆ ಮುಗಿಯಿತು. ಇರಣ್ಣನ ಹೆಂಡತಿ ಶಿವಬಸವ್ವ ಧಾರವಾಡಕ್ಕೆ ಹೋಗಿದ್ದಳು, ಅಂದರೆ ಹೋಗುವವನು ಅವನೊಬ್ಬನೇ. ಟೆಕ್ಸಸ್ ಗಡಿಯ ಬಯಲಿನ ಊರು ಡಾಲ್‌ಹಾರ್ಟ್ ಮೇಲೆ ಹೋದರೆ ಟ್ರಾಫಿಕ್ ಇರುವುದಿಲ್ಲ ಎಂದು ಉದಯಶಂಕರ ಸಲಹೆ ಕೊಟ್ಟ. ಆ ಬಯಲಿನಲ್ಲಿ ಇರಣ್ಣನ ಬೆಳ್ಳಿ ಬಣ್ಣದ ಕ್ಯಾಮ್ರಿ ಕಾರು ಪೊಲೀಸರ ಕಣ್ಣು ತಪ್ಪಿಸುವಂತಿರಲಿಲ್ಲ. ಆಫೀಸಿನ ಕೆಲಸಕ್ಕೆ ಹ್ಯೂಸ್ಟನ್‌ಗೆ ಹೋದಾಗ ನಗದು ಕೊಟ್ಟು ಅಗ್ಗದ ಪ್ರಿಪೇಯ್ಡ್ ಫೋನ್ ತಂದಿಟ್ಟುಕೊಂಡ.

ಭಾನುವಾರ ಬೆಳಿಗ್ಗೆ ಇರಣ್ಣನ ಕರೆ ಬಂತು. ‘ಎಣ್ಣಿ ಸಿಕ್ತ್ರಿ. ನೀವು ಹೇಳಿದ ರೋಡ್ ಹಿಡಕೊಂಡ ಹೊಂಟೀವ್ರಿ.’

ಉದಯಶಂಕರ ಅರ್ಧ ಗಂಟೆ ದೂರದ ಪ್ರಾಸ್ಪರ್ ಊರಿಗೆ ಡ್ರೈವ್ ಮಾಡಿ, ಅರ್ಧ ಕಟ್ಟಿದ ಮನೆಗಳ ಸಾಲಿನ ಕೊನೆಯಲ್ಲಿ ಕಾರು ನಿಲ್ಲಿಸಿದ. ಅಲ್ಲಿ ಅವನನ್ನು ಬಲ್ಲವರಿರಲಿಲ್ಲ. ಡಾಲ್‌ಹಾರ್ಟ್ ಕಡೆಯ ಪೊಲೀಸರಿಗೆ ಕಾರಿನ ಬಣ್ಣ, ನಂಬರು, ಬರುವ ದಾರಿ ಎಲ್ಲವನ್ನೂ ತಡವರಿಸದೆ ಹೇಳಿದ. ಮಾರಲು ತರುತ್ತಿದ್ದಾರೆ ಎಂದೂ ಸೇರಿಸಿದ. ಅದೊಂದು ಮಾತ್ರ ಸುಳ್ಳು, ರುಚಿಗೆ ತಕ್ಕಷ್ಟು ಉಪ್ಪು. ಫೋನನ್ನು ಮುರಿದು ಗಾರೆಯ ಕಸದಲ್ಲಿ ಹೂತು, ಬರುವ ದಾರಿಯಲ್ಲಿ ಹೆಂಡತಿ ಇಂದುಮತಿ ಹೇಳಿದ್ದ ಮೆಂತ್ಯ ಸೊಪ್ಪನ್ನೂ ಕೊಂಡ.

ಸಂಜೆ ಕಾಫಿ ಕುಡಿಯುತ್ತಿದ್ದಾಗ ಇಂದುಮತಿ ಫೋನ್ ಹಿಡಿದು ಹೊರಗೆ ಬಂದಳು.

‘ಇರಣ್ಣ ಅವರನ್ನ ಡಾಲ್‌ಹಾರ್ಟ್ ಹತ್ರ ಅರೆಸ್ಟ್ ಮಾಡಿದಾರಂತೆ.’

ಉದಯಶಂಕರ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಎಷ್ಟು ಬೆಚ್ಚಬೇಕೆಂಬುದನ್ನು ಮೊದಲೇ ಯೋಚಿಸಿದ್ದ. ‘ಅಯ್ಯೋ ಪಾಪ. ಯಾರು ಫೋನ್ ಮಾಡಿದ್ದು?’

‘ಸಿಯಾ. ಸ್ಟೇಷನ್ನಿಂದ. ಮಾರೋಕೆ ತಂದಿದ್ದು ಅಂತ ಯಾರೋ ಹೇಳಿದಾರಂತೆ, ಇಬ್ಬರ ಮೇಲೂ ಕೇಸ್ ಹಾಕ್ತಾರಂತೆ.’

‘ಸಿಯಾನಾ?’ ಅವನ ದನಿಗೆ ಈಗ ಯಾವ ಸಿದ್ಧತೆಯೂ ಇರಲಿಲ್ಲ. ‘ಅವಳು ಆಸ್ಟಿನ್ನಲ್ಲಿದಾಳಲ್ಲ. ಅಲ್ಲಿಗ್ಯಾಕೆ ಹೋದ್ಳು?’

ಇಂದುಮತಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. ‘ನಿಮಗೆ ಹೇಳಿದ್ರೆ ಬಿಡಲ್ಲ ಅಂತ ಮುಚ್ಚಿಟ್ಟಿದ್ವಿ. ಕಾರ್ ಓಡಿಸ್ತಿದ್ದೋಳು ಅವಳೇ. ಅವರಿಗೆ ಬ್ರೇಕ್ ಮೇಲೆ ಕಾಲಿಡೋಕೂ ಮೊಣಕಾಲು ಬಗ್ಗಲ್ಲ, ಡ್ರೈವಿಂಗ್ ಬಿಟ್ಟು ವರ್ಷ ಆಯ್ತು. ಇಡೀ ಕಾಪೆಲ್‌ಗೆ ಗೊತ್ತಿರೋ ವಿಷಯ ಕಣ್ರೀ.’