ಗಂಟಿನಲ್ಲಿ ಹೋದ ನಿಲುವಂಗಿ

ಜನರಲ್ ಚಾರಿಯಾರ್‌ಗೆ ಕರಬೂಜದ ಹಣ್ಣು ಆರಿಸುವ ಕೆಲಸ ಹಚ್ಚಿದ್ದರು. ಅದೂ ಕಿರಿಯ ಅಧಿಕಾರಿಗಳ ಎದುರಿಗೆ.

"ಏ ಚಾರಿಯಾರ್, ನಿನ್ನ ಮೂಗು ಬಹಳ ಚುರುಕಂತೆ. ಮಗನ ಮದ್ವೆಗೆ ಹಣ್ಣು ನೀನೇ ಮೂಸಿ ನೋಡಿ ತರ್ಬೇಕಪ್ಪಾ," ಎಂದಿದ್ದ ಭದ್ರತಾ ಮಂತ್ರಿ ನೂರ್‌ಗೆಲ್ದಿ. ಒಂದು ಕಾಲದಲ್ಲಿ ಗಡಿ ಠಾಣೆಯಲ್ಲಿ ಇದೇ ಚಾರಿಯಾರನ ಬೂಟಿಗೆ ಪಾಲಿಶ್ ಹಾಕುತ್ತಿದ್ದವನು! ರಾಜಧಾನಿ ಅಶ್ಗಾಬಾತಿನ ಸಂತೆಯಲ್ಲಿ ಹಣ್ಣಿನ ತೊಟ್ಟು ಮೂಸುತ್ತ ನಿಂತಾಗಲೇ ಜನರಲ್ ತೀರ್ಮಾನಿಸಿದ: ಇವನ ಕುರ್ಚಿ ತನಗೆ ಬೇಕು.

ಬೇಕಾದ್ದನ್ನು ಪಡೆಯುವ ದಾರಿ ಅವನಿಗೆ ಹೊಸದಲ್ಲ. ಅವನ ಭುಜದ ಒಂದೊಂದು ನಕ್ಷತ್ರವೂ ಯಾರದೋ ಮನೆಯ ತಪಾಸಣೆಯಲ್ಲಿ ಸಿಕ್ಕಿದ್ದು. ಲೆಫ್ಟಿನೆಂಟ್ ಆಗಿದ್ದಾಗ ಮೇಲಧಿಕಾರಿಯ ಕುದುರೆಯ ಜೀನಿನ ಕೆಳಗೆ ಅಫೀಮು ಪತ್ತೆ ಮಾಡಿದ. ಕರ್ನಲ್ ಆಗುವ ಹೊತ್ತಿಗೆ ಜೊತೆಯವನ ಕೋಳಿಗೂಡಿನಲ್ಲಿ ಪಿಸ್ತೂಲು. ಇಟ್ಟವನೇ ಹುಡುಕಿದರೆ ಸಿಗದೇ ಇರುತ್ತದೆಯೇ? ಆದರೂ ಅವನ ಮೂಗನ್ನು ಇಲಾಖೆಯೆಲ್ಲ ಕೊಂಡಾಡಿತು. ಕುರಿಗಳು ಎಂದುಕೊಂಡು ಅವನು ಹೊಗಳಿಕೆಯನ್ನು ಸ್ವೀಕರಿಸುತ್ತ ಬಂದ.

ಮದುವೆಯ ಉಡುಗೊರೆಗೆಂದು ಹೆಂಡತಿ ಓಗುಲ್‌ಗೆರೆಕ್ ಒಂಟೆ ಉಣ್ಣೆಯ ನಿಲುವಂಗಿ ತೆಗೆದಿಟ್ಟಿದ್ದಳು. ಕೊರಳಿಗೆ ಅವಳೇ ಕೂತು ಹಾಕಿದ ಕಸೂತಿ. ಅವಳು ನೆರೆಮನೆಗೆ ಹೋಗಿದ್ದಾಗ ಜನರಲ್ ಅದರ ಅಂಚನ್ನು ಬಿಚ್ಚಿದ. ಗಡಿ ಠಾಣೆಗಳ ನಕ್ಷೆಯೆಲ್ಲ ತುಂಬಿದ್ದ ಉಗುರಗಲದ ಮೆಮರಿ ಕಾರ್ಡನ್ನು ಒಳಗಿಟ್ಟು ಮತ್ತೆ ಹೊಲಿದ. ಸಿಪಾಯಿಗೆ ಸೂಜಿ ಹೊಸದೇನಲ್ಲ. ಮದುವೆಯಲ್ಲಿ ತಾನೇ ಅದನ್ನು ಮಂತ್ರಿಯ ಹೆಗಲಿಗೆ ಹೊದಿಸಿ ಅಪ್ಪಿಕೊಂಡ. ಆ ದುರಹಂಕಾರಿ ಅದನ್ನು ಕಳಚಿ ಹೆಂಗಸರತ್ತ ಎಸೆದು, ಕರಬೂಜ ಕಚ್ಚಿದ.

ಆಮೇಲೆ ಜನರಲ್ ಕಾದ. ಅವಸರಪಟ್ಟರೆ ಕೊಟ್ಟವರು ಯಾರೆಂಬ ಪ್ರಶ್ನೆ ಏಳುತ್ತದೆ. ಮದುವೆಯೆಲ್ಲ ಮರೆತುಹೋಗಲಿ. ಚಳಿಗಾಲವಿಡೀ ಅವನು ಮದುವೆ, ಸುನ್ನತಿ ಅಂತ ಕಂಡವರ ಮನೆಯ ಪಲಾವು ತಿಂದ. ಪ್ರತಿ ಸಲವೂ ಹೆಂಡತಿ ಒಂದು ಉಡುಗೊರೆ ಗಂಟು ಒಯ್ದು, ಬೇರೆ ಏನೋ ತುಂಬಿದ ಗಂಟು ತರುತ್ತಿದ್ದಳು. ಬಾಗಿಲಲ್ಲಿಟ್ಟ ಗಂಟನ್ನು ಅವನು ದಾಟಿಕೊಂಡು ಒಳಗೆ ಹೋಗುತ್ತಿದ್ದ. ಹೆಂಗಸರ ಚಿಂದಿ ವ್ಯಾಪಾರವನ್ನು ಜನರಲ್ ಆದವನು ನೋಡುವುದುಂಟೆ?

ವಸಂತದಲ್ಲಿ ದೇಶದ ಅಧ್ಯಕ್ಷರು, ಎಲ್ಲರೂ ಕರೆಯುವಂತೆ 'ದೊಡ್ಡವರು', ಮಂತ್ರಿ-ಅಧಿಕಾರಿಗಳ ಸಭೆ ಕರೆದರು. ಟೀವಿಯವರು ದೀಪ ಹಾಕಿದರು. ಜನರಲ್ ಎದ್ದು ನಿಂತ. ಮಂತ್ರಿಯ ಹೆಸರನ್ನು ಅವನು ಎತ್ತಲಿಲ್ಲ. ಎತ್ತಿದರೆ ಹೊಟ್ಟೆಕಿಚ್ಚು ಅನ್ನುತ್ತಾರೆ.

"ಸ್ವಾಮಿ, ಗಡಿಯ ಗುಟ್ಟು ಒಂದು ಒಂಟೆ ಉಣ್ಣೆ ನಿಲುವಂಗಿಯ ಅಂಚಲ್ಲಿದೆ ಅಂತ ಸುದ್ದಿ ಬಂದಿದೆ. ಇಲ್ಲಿ ಕೂತಿರೋರಲ್ಲೇ ಒಬ್ಬರ ಮನೇಲಿದೆ. ಯಾರ ಮನೇಲಿ ಸಿಗುತ್ತೋ ಅವನೇ ದ್ರೋಹಿ. ಅವನ ಒಂದು ಮಾತನ್ನೂ ಕೇಳ್ಬೇಡಿ."

"ಸರಿ, ಎಲ್ಲರ ಮನೇನೂ ನೋಡಿಸ್ತೀನಿ. ಅಲ್ಲಿವರೆಗೆ ಯಾರೂ ಏಳಕೂಡದು," ಎಂದರು ದೊಡ್ಡವರು.

"ನನ್ನ ಮನೆಯಿಂದಲೇ ಶುರುಮಾಡಿ ಸ್ವಾಮಿ!"

ಸಭೆ ಚಪ್ಪಾಳೆ ತಟ್ಟಿತು. ಮಂತ್ರಿ ಎಲ್ಲರಿಗಿಂತ ಜೋರಾಗಿ ತಟ್ಟಿದ. ತಟ್ಟು ಮಗನೇ, ಎಂದುಕೊಂಡ ಜನರಲ್. ಇನ್ನು ಮೇಲೆ ಹಣ್ಣು ಮೂಸುವ ಸರದಿ ನಿನ್ನದು.

ಸ್ವಲ್ಪ ಹೊತ್ತಿಗೆ ಅಧಿಕಾರಿಯೊಬ್ಬ ಜನರಲ್ ಬಳಿ ಫೋನು ತಂದು, "ಸಾರ್, ನಿಮ್ಮ ಮನೆಯವರು," ಎಂದ. "ಎಲ್ಲರಿಗೂ ಕೇಳೋ ಹಾಗೆ ಮಾತಾಡು, ನಮ್ಮ ನಡುವೆ ಗುಟ್ಟೇನು?" ಎಂದು ದೊಡ್ಡವರು ನಕ್ಕರು. ಜನರಲ್ ಹೆಮ್ಮೆಯಿಂದಲೇ ಸ್ಪೀಕರ್ ಒತ್ತಿದ. ಓಗುಲ್‌ಗೆರೆಕಳ ದನಿ ಅಮೃತಶಿಲೆಯ ಸಭಾಂಗಣವನ್ನೆಲ್ಲ ತುಂಬಿತು: "ರೀ, ಯಾರೋ ಹುಡುಗರು ಬಂದು ಒಂಟೆ ಉಣ್ಣೆ ನಿಲುವಂಗಿ ಕೇಳ್ತಿದಾರೆ. ಮಂತ್ರಿ ಮಗನ ಮದ್ವೇಲಿ ಕೊಟ್ವಲ್ಲ, ಅದೇ ಇರ್ಬೇಕು. ಉಡುಗೊರೆ ಬಟ್ಟೆ ಯಾರ ಮನೇಲಿ ನಿಲ್ಲತ್ತೆ ಹೇಳಿ? ಗಂಟಿಂದ ಗಂಟಿಗೆ ಊರೆಲ್ಲ ಸುತ್ತಿ ಹೋದ ತಿಂಗಳು ನಮ್ಮನೇಗೇ ವಾಪಸ್ ಬಂತು. ನನ್ನ ಕಸೂತಿ ನನಗೆ ಗುರುತು ಸಿಗಲ್ವಾ? ಈ ಸಲ ಯಾರಿಗೂ ಕೊಡೋದು ಬೇಡ, ನಿಮಗೇ ಇರ್ಲಿ ಅಂತ ಪೆಟ್ಟಿಗೇಲಿ ಇಟ್ಟಿದೀನಿ. ತೆಗೆದುಕೊಡ್ಲಾ?"